ಮೊದಲ ಸಾಲಿನ ಕೊಡೆ

ಇಟಲಿಯ ಲಿಗೂರಿಯಾ ಕರಾವಳಿಯ ರೈಲಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಜಗಳ ಕಾಯುವುದು ದಂಡ. ಕಡಲು ಕಂಡಿತೆಂದು ಫೋನು ಎತ್ತುವಷ್ಟರಲ್ಲಿ ಸುರಂಗ ಬರುತ್ತದೆ. ಬೇಜಾರಾಗಿ ಜೇಬಿಗಿಳಿಸಿದಿರೋ, ಮತ್ತೆ ಕಡಲು. ಬೆಟ್ಟಗಳು ಸೀದಾ ನೀರಿಗೇ ಇಳಿದುಬಿಡುವ ಈ ನೆಲದಲ್ಲಿ ಜಿನೋವಾದಿಂದ ಪಶ್ಚಿಮಕ್ಕೆ 1872ರಲ್ಲಿ, ಪೂರ್ವಕ್ಕೆ 1874ರಲ್ಲಿ ಹಳಿ ಹಾಕಿ ಮುಗಿಸಿದವರಿಗೆ ನಮ್ಮ ಫೋಟೊಗಳ ಚಿಂತೆ ಇರಲಿಲ್ಲ. ಇದ್ದಿದ್ದರೂ ಅವರೇನು ಮಾಡಬಹುದಿತ್ತು? ಬೆಟ್ಟ ಕೊರೆಯಬೇಕಿತ್ತು, ಕೊರೆದರು. ಆಮೇಲೆ ಬಲೆ ಒಣಗಿಸುತ್ತಿದ್ದ ಊರುಗಳೆಲ್ಲ ಒಂದೊಂದಾಗಿ ಟವೆಲು ಒಣಗಿಸುವ ಊರುಗಳಾದವು.

ದೊಡ್ಡ ಊರುಗಳ ಗೊಡವೆ ನನಗೆ ಬೇಡ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ ಜಗತ್ತೇ ನುಗ್ಗುತ್ತಿರುವಾಗ ಅದರ ಪಕ್ಕದ ಲೆವಾಂತೊದಲ್ಲೋ ಬೊನಸ್ಸೋಲದಲ್ಲೋ ಇಳಿದರೆ ಕೈಕಾಲು ಚಾಚುವಷ್ಟು ಜಾಗ ಸಿಗುತ್ತದೆ. ಇಲ್ಲಿ ರೈಲು ಮಾರ್ಗ 1970ರಲ್ಲಿ ಒಳನಾಡಿಗೆ ಸರಿಯಿತು. ಖಾಲಿಯಾದ ಹಳೆಯ ಸುರಂಗಗಳು ಈಗ ಸೈಕಲ್ ದಾರಿ. ಬಿಸಿಲಲ್ಲಿ ಬೆವರಿ ಒಳಹೊಕ್ಕರೆ ತಣ್ಣನೆ ಗಾಳಿ, ಗೋಡೆಯ ಕಿಂಡಿಗಳಲ್ಲಿ ಆಗಾಗ ಒಂದು ತುಂಡು ನೀಲಿ. ಸೈಕಲ್ಲಾದ್ದರಿಂದ ಬೇಕೆಂದಲ್ಲಿ ನಿಲ್ಲಬಹುದು. ಫೋಟೊದವರಿಗೆ ನೂರು ವರ್ಷ ತಡವಾಗಿಯಾದರೂ ನ್ಯಾಯ ಸಿಕ್ಕಿತು.

ವಿಚಿತ್ರವೆಂದರೆ, ಈ ತೀರಕ್ಕೆ ಮೊದಮೊದಲು ಬಂದ ಶ್ರೀಮಂತರು ಬಂದದ್ದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಇಲ್ಲಿ ಉಳಿಯುವುದು ಅವಿವೇಕವೆಂದೇ ಆಗ ಉತ್ತರದವರ ನಂಬಿಕೆ. ಲಂಡನ್ನಿನ ಮಂಜಿಗೆ ಹೆದರಿದ ಇಂಗ್ಲಿಷರು ಬೊರ್ದಿಗೇರ, ಅಲಾಸ್ಸಿಯೊಗಳಲ್ಲಿ ಚರ್ಚು, ಟೆನಿಸ್ ಕ್ಲಬ್ಬು ಕಟ್ಟಿಕೊಂಡು ಇಟಲಿಯಲ್ಲಿ ಇಂಗ್ಲೆಂಡನ್ನೇ ಹರಡಿ ಕೂತರು. 1884ರಲ್ಲಿ ಚಿತ್ರಕಾರ ಮೋನೆ ಮೂರು ವಾರಕ್ಕೆಂದು ಬೊರ್ದಿಗೇರಕ್ಕೆ ಬಂದವನು ಹತ್ತಿರಹತ್ತಿರ ಮೂರು ತಿಂಗಳು ಉಳಿದ. ತಾಳೆ ಮರಗಳು ಅವನನ್ನು ಬಿಡಲಿಲ್ಲವಂತೆ. ನೆಂಟರ ಮನೆಯಲ್ಲಿ ಹೀಗೆ ಉಳಿಯುವವರಿಗೂ ಕೈಯಲ್ಲೊಂದು ಕುಂಚ ಇದ್ದಿದ್ದರೆ ಗೌರವ ಉಳಿಯುತ್ತಿತ್ತು. ಸಂಗೀತಗಾರ ಎಲ್ಗರ್ ಕೂಡ ಒಂದು ಚಳಿಗಾಲ ಅಲಾಸ್ಸಿಯೊದಲ್ಲಿ ಕಳೆದು, 1904ರಲ್ಲಿ ಊರಿನ ಹೆಸರಿನದೇ ಒಂದು ಕೃತಿ ಕೊಟ್ಟ. ಈಗ ಅಲ್ಲಿಗೆ ಬರುವವರು ಊರಿಗೆ ಏನನ್ನೂ ಕೊಡಬೇಕಿಲ್ಲ, ಬಾಡಿಗೆ ಕೊಟ್ಟರೆ ಸಾಕು.

ಬಾಡಿಗೆ ಅಂದೆನಲ್ಲ, ಅದು ಕೊಡೆಯ ಬಾಡಿಗೆ. ಮರಳಿರುವಲ್ಲೆಲ್ಲ 'ಬಾನ್ಯಿ' ಎಂಬ ಸ್ನಾನದ ಸಂಸ್ಥಾನಗಳಿವೆ. ಒಂದರಲ್ಲಿ ಹಳದಿ ಕೊಡೆ, ಪಕ್ಕದ್ದರಲ್ಲಿ ಹಸಿರು ಪಟ್ಟೆ, ಅದರಾಚೆ ಕಡುನೀಲಿ. ದಾರ ಹಿಡಿದು ನೆಟ್ಟಂತೆ ಸಾಲುಸಾಲು. ಮೆಡಿಟರೇನಿಯನ್ನಿನಲ್ಲಿ ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀರಿನ ಬಾಯಿಗೇ ಕೊಡೆ ನೆಟ್ಟರೂ ಸಂಜೆಗೆ ಅದು ಅಲ್ಲೇ ಇರುತ್ತದೆ. ನಮ್ಮ ಕಡಲಿಗೆ ಇಷ್ಟು ಸಂಕೋಚವಿಲ್ಲ. ಮೊದಲ ಸಾಲಿಗೆ ದರ ಹೆಚ್ಚು, ಹಿಂದೆ ಹೋದಂತೆ ಕಡಿಮೆ. ಆದರೆ ದುಡ್ಡಿದ್ದ ಮಾತ್ರಕ್ಕೆ ಮೊದಲ ಸಾಲು ಸಿಗುವುದಿಲ್ಲ. ಅದು ಮದುವೆಮನೆಯ ಮೊದಲ ಪಂಕ್ತಿಯ ಹಾಗೆ. ಯಾರು ಎಲ್ಲಿ ಕೂರಬೇಕೆಂಬುದು ಅಜ್ಜನ ಕಾಲದಲ್ಲೇ ತೀರ್ಮಾನವಾಗಿರುತ್ತದೆ. ತುರಿನ್, ಮಿಲಾನ್ ಕಡೆಯ ಕುಟುಂಬಗಳು ವರ್ಷವರ್ಷವೂ ಅದೇ ಕೊಡೆಗೆ, ಅದೇ ನೆರೆಯವರ ಪಕ್ಕಕ್ಕೆ, ಅದೇ ಪದಬಂಧದ ಪುಸ್ತಕ ಹಿಡಿದು ಬರುತ್ತವೆ. ನಾನು ಹಿಂದಿನ ಸಾಲಿನಲ್ಲಿ ಮಲಗಿ ನೋಡಿದ್ದು ಕಡಲನ್ನಲ್ಲ, ಮುಂದಿನವರ ಅಂಗಾಲುಗಳನ್ನು.

ನಮ್ಮಲ್ಲಿ ಕಡಲಿಗೆ ಹೋಗುವುದೆಂದರೆ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಲ್ಲಿ ನಿಂತು, ಚುರುಮುರಿ ತಿಂದು, ಕತ್ತಲಾಗುವ ಮೊದಲು ಹೊರಡುವುದು. ಇಲ್ಲಿಯವರು ಇಡೀ ತಿಂಗಳು ಸುಮ್ಮನೆ ಮಲಗುತ್ತಾರೆ. ಸುಮ್ಮನಿರುವುದು ಇಷ್ಟು ಕಟ್ಟುನಿಟ್ಟಿನ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಉಪ್ಪುಪ್ಪಾದ ಫೊಕಾಚ್ಚಿಯ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ತಿನ್ನಬೇಕು (ಬನ್ನು ಅದ್ದಿ ಬೆಳೆದವನು ಇದಕ್ಕೆ ಮುಖ ಸಿಂಡರಿಸುವಂತಿಲ್ಲ). ಒಂಬತ್ತೂವರೆಗೆ ಬೆನ್ನು, ಹನ್ನೊಂದಕ್ಕೆ ಹೊಟ್ಟೆ. ಊಟವಾದ ಮೇಲೆ ಮಕ್ಕಳು ಮೂರು ಗಂಟೆ ನೀರಿಗಿಳಿಯುವ ಹಾಗಿಲ್ಲ, ಅರಗುವುದು ನಿಂತುಹೋಗುತ್ತದೆ ಎಂದು ಅಜ್ಜಿಯರ ಆಜ್ಞೆ. ವೈದ್ಯರು ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ಅಜ್ಜಿಯರು ವೈದ್ಯರನ್ನು ಒಪ್ಪುವುದಿಲ್ಲ. ನೀರಿನಂಚಿನಲ್ಲಿ ಸಾಲಾಗಿ ಕೂತು ಗಡಿಯಾರ ನೋಡುವ ಮಕ್ಕಳನ್ನು ಕಂಡರೆ ಗ್ರಹಣ ಬಿಡುವುದನ್ನು ಕಾಯುವ ನಮ್ಮ ಬಾಲ್ಯವೇ ಕಣ್ಣೆದುರು.

ಈ ಶಾಂತಿಗೂ ಒಂದು ವ್ಯಾಜ್ಯವಿದೆ. ಕಡಲತೀರ ಸರ್ಕಾರದ್ದು, ಬಾನ್ಯಿಯವರದು ಬರೀ ಪರವಾನಗಿ. ಅದು ಅಪ್ಪನಿಂದ ಮಗನಿಗೆ ದಾಟುತ್ತಾ ಬಂದಿದೆ. ಹಾಗಲ್ಲ, ಬಹಿರಂಗವಾಗಿ ಹರಾಜು ಹಾಕಿ ಎಂದು ಯುರೋಪಿಯನ್ ಒಕ್ಕೂಟ 2006ರ ಒಂದು ನಿರ್ದೇಶನದ ಬಲದಿಂದ ಬೆನ್ನುಹತ್ತಿದೆ, ಇಟಲಿ ಸರ್ಕಾರಗಳು ಒಂದರ ಹಿಂದೊಂದು ನಾಳೆ ನಾಳೆ ಎನ್ನುತ್ತಾ ಬಂದಿವೆ. 2024ರ ಆಗಸ್ಟಿನಲ್ಲಿ ಬಾನ್ಯಿಯವರು ಮುಷ್ಕರ ಹೂಡಿದರು: ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಕೊಡೆ ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ರಜೆಯವರು ಯಾರು ಎದ್ದಿರುತ್ತಾರೆ? ಇಷ್ಟು ಸೌಜನ್ಯದ ಮುಷ್ಕರವನ್ನು ನಾನು ಬೇರೆಲ್ಲೂ ಕೇಳಿಲ್ಲ. ಅಂದಹಾಗೆ, ನೀರಂಚಿನ ಪಟ್ಟಿ ಮಾತ್ರ ಯಾರಪ್ಪನ ಸ್ವತ್ತೂ ಅಲ್ಲ. ಕಾಸು ಬಿಚ್ಚದವರೂ ಅಲ್ಲಿ ಧಾರಾಳವಾಗಿ ಓಡಾಡಬಹುದು, ಮುಳುಗೇಳಬಹುದು.

ಇದೇ ತೀರದ ಕಮೋಲ್ಯಿ ಎಂಬ ಊರಿನ ವಿಷಯ ಬೇರೆ. ಅಲ್ಲಿ ಕಡಲಿಗೆ ಬೆನ್ನು ಹಾಕಿ ಮನೆಗಳನ್ನು ನೋಡಬೇಕು. ಆರೇಳು ಅಂತಸ್ತಿನ ಕಾವಿ, ಹಳದಿ, ಗುಲಾಬಿ ಮನೆಗಳು. ಅವುಗಳ ಕಿಟಕಿಗಳಲ್ಲಿ ಎಷ್ಟೋ ನಿಜವಲ್ಲ, ಗೋಡೆಯ ಮೇಲೆ ಬಿಡಿಸಿದವು. ಕಲ್ಲು ಕೆತ್ತಿಸುವುದಕ್ಕಿಂತ ಬಣ್ಣ ಬಳಿಸುವುದು ಅಗ್ಗ ಎಂದು ಕಂಡುಕೊಂಡ ಈ ಸೀಮೆಯ ಜನ ಕಂಬ, ಕಮಾನು, ಅರೆತೆರೆದ ಬಾಗಿಲು ಎಲ್ಲವನ್ನೂ ಕುಂಚದಲ್ಲೇ ಮುಗಿಸಿದ್ದಾರೆ. ಲಿಗೂರಿಯಾದವರು ಜುಗ್ಗರೆಂದು ಉಳಿದ ಇಟಲಿ ಆಡಿಕೊಳ್ಳುತ್ತದೆ. ಇಷ್ಟು ಚೆಂದದ ಜುಗ್ಗತನಕ್ಕೆ ನನ್ನ ತಕರಾರಿಲ್ಲ.

ಇನ್ನು ತಿಂಡಿ ಮಾರುವವರು. ಉರಿಬಿಸಿಲಲ್ಲಿ "ಕೊಕ್ಕೋ! ಕೊಕ್ಕೋ ಬೆಲ್ಲೋ!" ಎಂಬ ಕೂಗು ದೂರದಿಂದಲೇ ಬರುತ್ತದೆ. ಬಕೆಟ್ಟಿನಲ್ಲಿ ತೆಂಗಿನಕಾಯಿ ಚೂರುಗಳು, ಅವುಗಳ ಮೇಲೆ ಆಗಾಗ ತಣ್ಣೀರಿನ ಪ್ರೋಕ್ಷಣೆ. ಇಡೀ ಇಟಲಿಯಲ್ಲಿ ಹುಡುಕಿದರೂ ಕಾಯಿ ಬಿಡುವ ತೋಟ ಸಿಗದು. ಕಾಯಿ ಬರುವುದು ಹಡಗಿನಲ್ಲಿ, ಚೂರಿನ ಬೆಲೆಯಲ್ಲಿ ನಮ್ಮೂರಲ್ಲಿ ಇಡೀ ಕಾಯಿಗಳೇ ಬರುತ್ತವೆ. ನಾನು ಅನುಮಾನದಿಂದ ನೋಡುತ್ತಿರುವುದನ್ನು ಕಂಡು ಮಾರುವವ ನಿಂತ. ಈ ಹಣ್ಣು ಬಹಳ ದೂರದಲ್ಲಿ, ಬಿಸಿಲಿನ ದೇಶಗಳಲ್ಲಿ, ಎತ್ತರದ ಮರದ ಮೇಲೆ ಬೆಳೆಯುತ್ತದೆ ಎಂದು ಕೈ ಎತ್ತಿ ತೋರಿಸಿದ. ಹಲ್ಲಿಗೆ ಒಳ್ಳೆಯದು, ಹೆದರಬೇಡಿ, ಸಿಪ್ಪೆ ಮಾತ್ರ ನುಂಗಬೇಡಿ ಎಂದ. ನಾನು ಹೌದೇ ಎಂದು ತಲೆಯಾಡಿಸಿ ಎರಡು ಚೂರು ಕೊಂಡೆ.