ಎಡೆಗೆ ತಂದ ಬಜ್ಜಿ

ಸಾವಿನ ಮನೆಗೆ ಹೊರಟಾಗ ಮುಖವನ್ನು ಎಷ್ಟು ಜೋಲು ಬಿಡಬೇಕು ಅನ್ನೋದು ನಿಮಗಾದರೂ ಗೊತ್ತೇ? ಜಾಸ್ತಿಯಾದರೆ ನಾಟಕ, ಕಡಿಮೆಯಾದರೆ ಸೊಕ್ಕು. ನನಗಂತೂ ತಲೆ ನರೆತರೂ ಆ ಹದ ಸಿಕ್ಕಿಲ್ಲ. ಅದರಲ್ಲೂ ಈ ಸಲ ಹೋದವನು ಸಿಂಗಟಗೆರೆಯ ನನ್ನ ಬಾಲ್ಯದ ಗೆಳೆಯ. ಅವನನ್ನು ನೆನೆದರೆ ಮೊದಲು ನಗು ಬರುತ್ತದೆ, ಅಳು ಪಾಪ ಅದರ ಹಿಂದೆ ಸರದಿಯಲ್ಲಿ ನಿಲ್ಲಬೇಕು. ನನ್ನ ಪೆದ್ದುತನಗಳಿಗೆ ಬಣ್ಣ ಕಟ್ಟಿ ಊರಿಗೆಲ್ಲ ಹೇಳುವುದೇ ಅವನ ಮುಖ್ಯ ಕಸುಬು. ತೆಂಗಿನ ತೋಟ, ರಾಗಿ ಹೊಲ ಎಲ್ಲ ಬಿಡುವಿನ ವೇಳೆಯದು.

ತಿಥಿಗೆಂದು ಬೆಂಗಳೂರಿನಲ್ಲಿ ರೈಲು ಹತ್ತಿದೆ. ಅರಸೀಕೆರೆ ದಾಟಿದ್ದು ಗೊತ್ತು, ಕಡೂರು ಬಂದದ್ದು ಗೊತ್ತಿಲ್ಲ. ಕಣ್ಣು ಬಿಟ್ಟರೆ ಬೀರೂರು ಜಂಕ್ಷನ್! ಆ ಜಂಕ್ಷನ್ನಿಗೂ ನನಗೂ ಹಳೇ ಜಗಳ. 1899ರಲ್ಲಿ ಅಲ್ಲಿಂದ ಶಿವಮೊಗ್ಗಕ್ಕೆ ಕವಲು ಹಳಿ ಹಾಕಿದವರು ಮುಂದೆ ಹುಟ್ಟಲಿರುವ ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಕಿರಬೇಕು. ಹೈಸ್ಕೂಲಿನ ದಿನಗಳಲ್ಲಿ ನಾವಿಬ್ಬರೂ ಅಜ್ಜಂಪುರಕ್ಕೆ ಹೊರಟಿದ್ದೆವು. ಹುಬ್ಬಳ್ಳಿ ಕಡೆಯ ಗಾಡಿ ಹಿಡಿಯಬೇಕು. "ನಂಗೆಲ್ಲ ಗೊತ್ತು, ಬಾರೋ" ಅಂತ ಅವನ ಕೈ ಹಿಡಿದೆಳೆದು ಶಿವಮೊಗ್ಗದ ಗಾಡಿ ಹತ್ತಿಸಿದೆ. ಕಿಟಕಿಯಲ್ಲಿ ತರೀಕೆರೆಯ ಬೋರ್ಡು ಕಂಡಾಗ ನನಗೆ ಮೈಯೆಲ್ಲ ಬೆವರು. ಅವನೋ ಕಡಲೆಕಾಯಿ ಸುಲಿಯುತ್ತ, "ಬೀರೂರಲ್ಲೇ ಗೊತ್ತಾಯ್ತು ಕಣೋ. ನೀನು ಎಲ್ಲೀತನಕ ಕರ್ಕೊಂಡೋಗ್ತೀಯೋ ನೋಡಾಣ ಅಂತ ಸುಮ್ನಿದ್ದೆ" ಅಂದ.

ಬೀರೂರಿನಿಂದ ಹೇಗೋ ಕಡೂರಿಗೆ ಮರಳಿದೆ. ಹೋದವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕಲ್ಲ, ಅವನಿಗೆ ಪ್ರಾಣವಾಗಿದ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಸಿಂಗಟಗೆರೆಯ ಬಸ್ಸು ಹತ್ತಿದೆ. ಪೊಟ್ಟಣ ತೊಡೆಯ ಮೇಲೆ ಬಿಸಿಬಿಸಿಯಾಗಿತ್ತು. ಸತ್ತವರ ಪಾಲು, ಮುಟ್ಟಬಾರದು, ನಿಜ. ಆದರೆ ಉಪ್ಪು ಸರಿಯಿದೆಯೋ ಇಲ್ಲವೋ ನೋಡದೆ ಇಡೋದು ಹೇಗೆ? ಒಂದು ನೋಡಿದೆ. ಸರಿಯಿತ್ತು. ಒಂದು ಬಜ್ಜಿಯಿಂದ ಎಲ್ಲ ಬಜ್ಜಿಗಳ ಬಗ್ಗೆ ತೀರ್ಮಾನಕ್ಕೆ ಬರಬಾರದು ಅನ್ನಿಸಿತು. ಊರು ಹತ್ತಿರವಾಗುವಾಗ ಜೇಬಿನಿಂದ ಯಾವುದೋ ಕಾಗದ ತೆಗೆದು ಎಣ್ಣೆ ಕೈ ಒರೆಸಿ ಕಿಟಕಿಯಾಚೆ ಬಿಟ್ಟೆ. ಅದು ಗಾಳಿಯಲ್ಲಿ ಬಿಚ್ಚಿಕೊಂಡಾಗ ನನ್ನದೇ ಅಕ್ಷರ ಕಂಡಿತು. ರಾತ್ರಿಯೆಲ್ಲ ಕೂತು ಬರೆದ ಶ್ರದ್ಧಾಂಜಲಿ ಭಾಷಣ!

ಬಸ್ಸಿಳಿದವನು ಶಾಮಿಯಾನ ಕಂಡ ಕಡೆ ನುಗ್ಗಿದೆ. ಬಾಗಿಲಲ್ಲಿ ನಿಂತಿದ್ದ ಹಿರಿಯರ ಎರಡೂ ಕೈ ಹಿಡಿದು, "ಎಲ್ಲ ಮುಗಿದೇ ಹೋಯ್ತಲ್ಲ ಯಜಮಾನ್ರೇ" ಅಂದೆ. "ಹೂಂ ಸಾ, ದೇವರು ದೊಡ್ಡೋನು, ಒಂದು ದಡ ಮುಟ್ಟಿಸಿದ" ಅಂದರು. "ಬಹಳ ದಿನ ಒದ್ದಾಡ್ತೇ ಜೀವ?" "ವರ್ಷಗಟ್ಟಲೆ ಒದ್ದಾಡಿದ್ವಿ ಸಾ." "ಕೊನೆಗೆ ಏನಾಯ್ತು?" "ಮರಳೇ ಸಿಗ್ಲಿಲ್ಲ ಸಾ." ನಾನು ತಲೆಯೆತ್ತಿ ನೋಡಿದೆ. ಹೊಸ ಬಣ್ಣ, ಬಾಗಿಲಿಗೆ ಬಾಳೆಕಂದು, ಒಳಗೆ ಹೋಮದ ಹೊಗೆ. ಗೃಹಪ್ರವೇಶ! ಧೈರ್ಯ ತಂದುಕೊಳ್ಳಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬಲವಂತ ಮಾಡಿ ಕೂರಿಸಿದರು, ಹೋಳಿಗೆ ಬಡಿಸಿದರು. ಕಣ್ಣೀರು ಒರೆಸಿಕೊಳ್ಳುತ್ತ ಹೋಳಿಗೆ ತಿಂದವನನ್ನು ಆ ಮನೆಯವರು ಏನೆಂದುಕೊಂಡರೋ, ತುಪ್ಪ ಮಾತ್ರ ಧಾರಾಳವಾಗಿ ಹಾಕಿದರು.

ಸರಿಯಾದ ಮನೆ ಮುಟ್ಟುವ ಹೊತ್ತಿಗೆ ಎಡೆ ಸಿದ್ಧವಾಗಿತ್ತು. "ಅವ್ರಿಗೆ ಅಂತ ಏನೋ ತಂದಿದೀಯಂತಲ್ಲಣ್ಣ" ಎಂದು ಅವನ ಹೆಂಡತಿ ಕೈ ಚಾಚಿದಳು. ಪೊಟ್ಟಣ ಕೊಟ್ಟೆ. ಒಳಗೆ ಒಂದು ಬಜ್ಜಿ ತೊಟ್ಟು, ಒಂದಿಷ್ಟು ಮಂಡಕ್ಕಿ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನೂ ಬಿಕ್ಕುವುದಕ್ಕೆ ಶುರು ಮಾಡಿದರೆ, ಆಕೆ ನಗುತ್ತಿದ್ದಾಳೆ! "ಅವ್ರು ಯಾವಾಗ್ಲೂ ಹೇಳೋರಣ್ಣ, ಅವನ ಕೈಲಿ ಬಜ್ಜಿ ತರಿಸಿದ್ರೆ ಕಾಗದಾನೇ ಬರೋದು ಅಂತ." ಆ ಕಾಗದವನ್ನೇ ಎಲೆಯ ಪಕ್ಕ ಇಟ್ಟಳು.

ಊಟವಾದ ಮೇಲೆ ಎರಡು ಮಾತಾಡಿ ಅಂದರು. ಭಾಷಣ ದಾರಿಯ ಪಾಲಾಗಿತ್ತು. ಅವನ ಒಳ್ಳೆಯತನ, ನೆರವಿನ ಗುಣ ಅಂತ ಶುರು ಮಾಡಬೇಕೆಂದು ಬಾಯಿ ತೆರೆದರೆ ಹೊರಬಂದದ್ದು ಅಂತರಘಟ್ಟೆ ಜಾತ್ರೆ. ದುರ್ಗಾಂಬೆಯ ಜಾತ್ರೆಗೆ ಪಾನಕದ ಗಾಡಿಗಳು ಓಡುವುದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಎತ್ತು ಅಮೃತಮಹಲ್ ತಳಿಯವು. ಟಿಪ್ಪುವಿನ ಕಾಲದಲ್ಲಿ ಫಿರಂಗಿ ಎಳೆದ ವಂಶ ಅದು, ಅಜ್ಜಂಪುರದಲ್ಲಿ ಅವಕ್ಕೊಂದು ಸಂವರ್ಧನಾ ಕೇಂದ್ರವೇ ಇದೆ. ಅಂಥವು ಓಟ ಕಿತ್ತರೆ ನನ್ನಂಥವನು ಗಾಡಿಯಲ್ಲಿ ಉಳಿದಾನೆ? ಪಾನಕದ ಪಾತ್ರೆ ತಬ್ಬಿಕೊಂಡು ಹಿಂದೆ ಕೂತಿದ್ದವನು ಪಾತ್ರೆಸಮೇತ ದಾರಿಗೆ ಬಿದ್ದೆ. ಗೆಜ್ಜೆ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ. ಬೆಲ್ಲದ ನೀರಲ್ಲಿ ತೊಯ್ದ ನನ್ನನ್ನು ಮೊದಲು ಗುರುತಿಸಿದ್ದು ಇರುವೆಗಳು.

"ಹೀಗೆ ಒಂದು ಕೊಡ ಪಾನಕ ಚೆಲ್ಲಿ..." ಅನ್ನುತ್ತಿದ್ದಂತೆ ಹಿಂದಿನಿಂದ ಒಬ್ಬರು, "ಕೊಡ ಅಲ್ಲ ಸಾ, ಹಂಡೆ!" ಅಂದರು. "ಹಂಡೆ ಹೋದ್ವರ್ಷ. ಈ ವರ್ಷ ಕೊಪ್ಪರಿಗೆ ಅಂತಿದ್ದ" ಎಂದು ಇನ್ನೊಬ್ಬರು ತಿದ್ದಿದರು. ನಾನು ಬಿದ್ದ ಮೇಲೆ ಎದ್ದು ಬೇರೆ ಊರಿನ ಗಾಡಿ ಹತ್ತಿ ಅವರ ಪಾನಕವನ್ನೂ ಚೆಲ್ಲಿದೆನಂತೆ! ಇದು ನನಗೇ ಹೊಸ ಸುದ್ದಿ. ತರೀಕೆರೆ ಪ್ರಯಾಣವನ್ನು ಒಬ್ಬ ಪುಟ್ಟ ಹುಡುಗ ಶಿವಮೊಗ್ಗದವರೆಗೂ ಬೆಳೆಸಿದ. ಮೈಕು ಯಾವಾಗ ನನ್ನ ಕೈತಪ್ಪಿತೋ ತಿಳಿಯಲಿಲ್ಲ. ಅವನೊಬ್ಬ ಹೋದರೆ ನನ್ನ ಮಾನ ತೆಗೆಯುವವರು ಇನ್ನಿಲ್ಲ ಎಂದು ದುಃಖಪಟ್ಟುಕೊಂಡು ಬಂದಿದ್ದೆ ನಾನು. ಪುಣ್ಯಾತ್ಮ ಊರಿಗೆ ಊರನ್ನೇ ತಯಾರು ಮಾಡಿಟ್ಟು ಹೋಗಿದ್ದ! ಊರದೇವರು ಕಲ್ಲೇಶ್ವರನ ಸಾಕ್ಷಿಯಾಗಿ ಹೇಳುತ್ತೇನೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದದ್ದಾ, ಅಥವಾ ಅಳುವಿನ ಸರದಿ ಅಂತೂ ಬಂದಿತ್ತಾ, ನನಗೆ ತಿಳಿಯಲಿಲ್ಲ.

ಸಂಜೆ ಕಡೂರಿನ ಬಸ್ಸು ಹತ್ತಿ, ಯಾರ ಕಣ್ಣಿಗೂ ಬೀಳಬಾರದೆಂದು ಕೊನೆಯ ಸೀಟಿಗೆ ಹೋದೆ. ಕಂಡಕ್ಟರು ಟಿಕೆಟ್ ಹರಿಯುತ್ತ ನನ್ನನ್ನೇ ದಿಟ್ಟಿಸಿದರು.

"ಪಾನಕದೋರು ನೀವೇ ಅಲ್ವಾ ಸಾ? ಹಿಂದೆ ಕೂರ್ಬೇಡಿ, ಮುಂದೆ ಬನ್ನಿ."