ಡಿಕ್ಕಿ ಮೀಮಾಂಸೆ: ಕೊಪ್ಪಳ ಸೀಮೆಯ ವಾಹನವಾಸಕ್ಕೆ ತಕ್ಕ ಸರಂಜಾಮಿನ ವಿಚಾರ

ಕಾರಿನಲ್ಲಿ ಹೋಗಿ, ಕಾರಿನ ಮಗ್ಗುಲಲ್ಲೇ ಉಂಡು ಮಲಗಿ, ಬೆಳಿಗ್ಗೆ ಸೊಂಟ ಹಿಡಿಯದೆ ಏಳುವ ಕರ್ಮಕ್ಕೆ ಈಚೆಗೆ ಕಾರ್ ಕ್ಯಾಂಪಿಂಗ್ ಎಂಬ ನಾಮಕರಣವಾಗಿದೆ. ಇದು ಹೊರದೇಶದ ವಿದ್ಯೆ, ಮಡಚುವ ಕುರ್ಚಿ, ಗಾಳಿ ತುಂಬುವ ಹಾಸಿಗೆ, ತಲೆಗೆ ಕಟ್ಟುವ ದೀಪಗಳೇ ಇದರ ಮುಖ್ಯ ಸಾಧನಗಳು ಎಂಬುದು ವಾರಾಂತ್ಯಕ್ಕೆ ಬೆಂಗಳೂರಿನಿಂದ ಆನೆಗೊಂದಿಗೆ ಬರುವ ಪಂಡಿತರ ಮತ. ಇದೇ ಪೂರ್ವಪಕ್ಷ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಶಿಲಾಪ್ರಮಾಣ, ಶಾಸನಪ್ರಮಾಣ ಮತ್ತು ರೊಟ್ಟಿಪ್ರಮಾಣಗಳಿಂದ ಇದನ್ನು ಖಂಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಯಾವುದಾದರೂ ವಿಶ್ವವಿದ್ಯಾಲಯ ಇದಕ್ಕೆ ಪದವಿ ಕೊಡುವುದಾದರೆ ಲೇಖಕನ ತಕರಾರಿಲ್ಲ.

ಮೊದಲು ಡೇರೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ಕಲ್ಲುಮನೆಗಳಿವೆ. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ಒಂದು ಮಗ್ಗುಲಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. 1835ರಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಣ್ಣಿಗೆ ಬಿದ್ದಮೇಲೆ ಇವು ವಿದ್ವತ್ ಲೋಕಕ್ಕೆ ಗೊತ್ತಾದವು. ಊರವರಿಗೆ ಮೊದಲೇ ಗೊತ್ತಿತ್ತು. ಗಿಡ್ಡ ಆಳುಗಳಾದ ಮೋರ್ಯರು ಇಲ್ಲಿ ವಾಸವಿದ್ದರೆಂದು ಅವರು ಹೇಳುತ್ತಾರೆ. ಇವು ಸತ್ತವರ ನೆನಪಿಗೆ ಕಟ್ಟಿದವು, ಎರಡು ಸಾವಿರ ವರ್ಷಕ್ಕೂ ಹಳೆಯವು ಎಂದು ಪುರಾತತ್ವಜ್ಞರ ತೀರ್ಮಾನ. ಎರಡೂ ಮತಗಳನ್ನು ನಾವು ಗೌರವಿಸುತ್ತೇವೆ. ಆದರೆ ಗಾಳಿಗೆ ಹಾರದ, ಮಳೆಗೆ ಸೋರದ, ಜಿಪ್ಪು ಕೆಡದ ಡೇರೆ ಇದೊಂದೇ, ಒಳಗೆ ಮಲಗಿದವರಿಂದ ಇಂದಿನವರೆಗೆ ಒಂದು ದೂರೂ ಬಂದಿಲ್ಲ ಎಂಬುದನ್ನು ಎರಡೂ ಪಕ್ಷದವರು ಗಮನಿಸಿಲ್ಲ. ಡಿಕ್ಕಿಯಲ್ಲಿ ಹಿಡಿಸದಿರುವುದು ಒಂದೇ ದೋಷ. (ಸಂರಕ್ಷಿತ ತಾಣವಾದ್ದರಿಂದ ಅಲ್ಲೇ ಹೋಗಿ ಮಲಗುತ್ತೇನೆಂಬ ವಿಚಾರವನ್ನು ವಾಚಕರು ಬಿಡಬೇಕು.) ಅದೇ ಗುಡ್ಡದ ಬಂಡೆಯೊಂದರ ನೆತ್ತಿಯ ಮೇಲೆ ಕಲ್ಲಿನ ನಗಾರಿಯೂ ಇದೆ. ಬ್ಲೂಟೂತ್ ಸ್ಪೀಕರಿನಿಂದ ಮಗ್ಗುಲವರ ನಿದ್ದೆ ಕೆಡಿಸುವುದು ಹೊಸ ರೋಗವಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ನೆರಳು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಲಘು ಶಿಲಾಶಾಸನಗಳಿವೆ. ಇದೇ ಶಾಸನದ ಬ್ರಹ್ಮಗಿರಿ ಪ್ರತಿಯಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ಸಾಮ್ರಾಟನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಅಷ್ಟು ರಾತ್ರಿ ಹೊರಗೆ ಮಲಗಿದ ಮನುಷ್ಯ ಧರ್ಮದ ಬಗ್ಗೆ ಕಲ್ಲಿನಲ್ಲಿ ಕೊರೆಸಿದ, ತಲೆದಿಂಬಿನ ಬಗ್ಗೆ ಒಂದಕ್ಷರ ಕೊರೆಸಲಿಲ್ಲ. ಭರತಖಂಡದ ಸರಂಜಾಮು ಸಾಹಿತ್ಯಕ್ಕೆ ಇದರಿಂದಾದ ನಷ್ಟ ತುಂಬಲಾರದ್ದು. ಆದರೆ ಅವನ ಕಡೆಯವರಿಗೆ ಜಾಗ ಹಿಡಿಯುವುದು ಗೊತ್ತಿತ್ತು. ಪಾಲ್ಕಿಗುಂಡಿನಲ್ಲಿ ಎರಡು ಗುಂಡುಗಳ ಮೇಲೆ ಒಂದು ಹಾಸುಬಂಡೆ ಛತ್ರಿಯಂತೆ ಕೂತಿದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಯಲಿಗೆ ಬಂದವನು ಮೊದಲು ನೆರಳು ನೋಡಬೇಕು, ಆಮೇಲೆ ದೃಶ್ಯ. ಬಂಡೆ ಸಿಗದವರು ತಾಡಪತ್ರಿ ಒಯ್ಯತಕ್ಕದ್ದು. ತಾಡಪತ್ರಿಯ ಜೊತೆ ಹಗ್ಗ ಒಯ್ಯದವನ ಬಗ್ಗೆ ಶಾಸ್ತ್ರ ಮೌನವಾಗಿದೆ, ಹೆಂಡತಿ ಮೌನವಾಗಿರುವುದಿಲ್ಲ.

ಇಷ್ಟಾದರೂ ಸುಖ ಎಂದರೇನು ಎಂಬ ಮೂಲ ಪ್ರಶ್ನೆ ಉಳಿಯುತ್ತದೆ. ಕೊಪಣವು, ಅಂದರೆ ಇಂದಿನ ಕೊಪ್ಪಳ, ಹಿಂದೆ ಜೈನರ ಮಹಾತೀರ್ಥ. ಅಲ್ಲಿಗೆ ಬರುತ್ತಿದ್ದ ದಿಗಂಬರ ಮುನಿಗಳ ಸಾಮಾನು ಒಂದು ಪಿಂಛಿ, ಒಂದು ಕಮಂಡಲು. ಹಗುರ ಪ್ರಯಾಣದಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಆ ಪಂಥಕ್ಕೆ ಡಿಕ್ಕಿಯೇ ಬೇಡವಾದ್ದರಿಂದ ಕೈಮುಗಿದು ಮುಂದೆ ಹೋಗೋಣ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಗುಡಿ ಕಟ್ಟಿಸಿದ. ಅವನ ಒಡೆಯ ಆರನೇ ವಿಕ್ರಮಾದಿತ್ಯ. ಆ ಕಾಲದ ಚಾಲುಕ್ಯ ಶಾಸನಗಳನ್ನು ಓದಿದವರಿಗೆ ಗೊತ್ತು: ಅರಸ ಯಾವ ಬೀಡಿನಲ್ಲಿದ್ದರೂ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿದ್ದ ಎಂದೇ ಒಕ್ಕಣೆ. ಹಾಸಿಗೆ ಮೆತ್ತಗಿತ್ತು ಎಂದಿಲ್ಲ, ಸೊಳ್ಳೆ ಇರಲಿಲ್ಲ ಎಂದೂ ಇಲ್ಲ. ಕೂತು ಹರಟುವುದಕ್ಕೆ ಜನ ಇದ್ದರು, ಅದೇ ಸುಖ. ಆದ್ದರಿಂದ ಡಿಕ್ಕಿಗೆ ಏರುವ ಪ್ರತಿ ವಸ್ತುವನ್ನೂ ಇದರಿಂದ ಮಾತು ಬೆಳೆಯುತ್ತದೋ, ನಿಲ್ಲುತ್ತದೋ ಎಂಬ ಒಂದೇ ನಿಕಷಕ್ಕೆ ಉಜ್ಜಿ ನೋಡತಕ್ಕದ್ದು.

ಈ ನಿಕಷಕ್ಕೆ ಪ್ರಯೋಗಶಾಲೆ ಹುಲಿಗಿ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬರುವವರು ಹಿಂದೆ ಸವಾರಿ ಬಂಡಿಯಲ್ಲಿ ಬರುತ್ತಿದ್ದರು. ಈಗ ಟ್ರ್ಯಾಕ್ಟರು, ಟಂಟಂ, ಟೆಂಪೊ, ಕಾರು. ವಾಹನ ಬದಲಾಗಿದೆ, ಗಂಟು ಬದಲಾಗಿಲ್ಲ. ಕುಷ್ಟಗಿ ಕಡೆಯ ಒಂದು ಗಾಡಿ ಬಂದು ನಿಂತಿತೆನ್ನಿ. ಮೊದಲು ಇಳಿಯುವುದು ಕೊಡ, ಆಮೇಲೆ ಅಜ್ಜಿ. ಅಜ್ಜಿ ಕೂತ ಜಾಗವೇ ಶಿಬಿರದ ಕೇಂದ್ರಬಿಂದು. ಅಲ್ಲಿಂದ ಮೂರು ಮಾರು ದೂರಕ್ಕೆ ಒಲೆ, ಅದೂ ಗಾಳಿಯ ದಿಕ್ಕು ನೋಡಿ. ಮೂರು ಕಲ್ಲು ಅಲ್ಲೇ ಸಿಗುತ್ತವೆ, ಹೋದ ಹುಣ್ಣಿಮೆಯವರು ಮಸಿ ಹಿಡಿಸಿ ಇಟ್ಟು ಹೋಗಿರುತ್ತಾರೆ. ಅರ್ಧ ತಾಸಿನಲ್ಲಿ ಮಗ್ಗುಲ ಗಾಡಿಯ ಹೆಣ್ಣುಮಗಳು ಬಂದು “ಯಕ್ಕಾ, ಒಂದ್ ಚೂರು ಉಪ್ಪು ಐತೇನ್ರಿ?” ಎನ್ನುತ್ತಾಳೆ. ಊರು ಕೇಳುತ್ತಾರೆ, ಬೀಗರು ಸಿಗುತ್ತಾರೆ, ಸಂಕಥೆ ಶುರು. ಇಲ್ಲಿಂದ ಒಂದು ಸಿದ್ಧಾಂತ ಹೊರಡುತ್ತದೆ: ಎಲ್ಲವನ್ನೂ ತಂದವನು ಯಾರನ್ನೂ ಮಾತಾಡಿಸಲಾರ. ಉಪ್ಪನ್ನೋ ಕಡ್ಡಿಪೆಟ್ಟಿಗೆಯನ್ನೋ ಬೇಕೆಂದೇ ಮನೆಯಲ್ಲಿ ಬಿಟ್ಟು ಬರುವುದು ಉತ್ತಮ ಪಕ್ಷ.

ಹಾಸಿಗೆಯ ವಿಚಾರದಲ್ಲಿ ದೊಡ್ಡ ವಾದವಿದೆ. ಸ್ಲೀಪಿಂಗ್ ಬ್ಯಾಗು ಹಗುರ, ಸುತ್ತಿದರೆ ಅಂಗೈ ಮೇಲೆ ನಿಲ್ಲುತ್ತದೆ ಎಂದು ಪೂರ್ವಪಕ್ಷ. ಉತ್ತರ: ಅದರೊಳಗೆ ಹಿಡಿಯುವುದು ಒಬ್ಬ, ಜಿಪ್ಪು ಎಳೆದ ಮೇಲೆ ಅವನೂ ಮಾತಾಡುವುದಿಲ್ಲ. ಕುಷ್ಟಗಿಯ ಬೇಸಗೆಯಲ್ಲಿ ಅದರೊಳಗೆ ಹೊಕ್ಕವನನ್ನು ಬೆಳಿಗ್ಗೆ ಹೊರತೆಗೆಯುವುದು ಹೇಗೆಂಬುದೂ ಪ್ರಶ್ನೆ. ಕೌದಿ ಹಾಗಲ್ಲ. ಹಳೆಯ ಇಳಕಲ್ ಸೀರೆ, ಅಪ್ಪನ ಧೋತ್ರ, ಮಕ್ಕಳ ಅಂಗಿಗಳನ್ನು ಪದರ ಪದರವಾಗಿ ಇಟ್ಟು ಬೆರಳಗಲಕ್ಕೊಂದು ಸಾಲಿನಂತೆ ಹೊಲಿದ ಈ ಸಾಧನ ಬೇಸಗೆಯಲ್ಲಿ ಕೆಳಗೆ, ಜನವರಿಯಲ್ಲಿ ಮೇಲೆ. ಎರಡು ಹುಡುಗರು, ಒಬ್ಬ ಚಿಕ್ಕಮ್ಮ, ನಸುಕಿಗೆ ಒಂದು ಬೀದಿನಾಯಿ, ಇಷ್ಟಕ್ಕೂ ಜಾಗ. “ಇದು ನಮ್ಮವ್ವನ ಸೀರಿ ನೋಡು” ಎಂದು ಯಾರಾದರೂ ಒಂದು ತುಂಡಿನ ಮೇಲೆ ಬೆರಳಿಟ್ಟರೆ ಒಂದು ತಾಸಿನ ಕಥೆ ಗ್ಯಾರಂಟಿ. ತೂಕ ಜಾಸ್ತಿ ಎಂಬ ಆಕ್ಷೇಪ ನಿಲ್ಲದು, ಹೊರುವುದು ಕಾರು. ಕುರಿ ಕಾಯುವವರ ಕಂಬಳಿಯೂ ಒಂದಿರಲಿ. ಮಳೆ ಬಂದರೆ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಅದೇ ಡೇರೆ, ಕಂಬವೂ ನೀವೇ.

ಮಡಚುವ ಕುರ್ಚಿ? ಒಂದೇ ಇದ್ದರೆ ಹಿರೀ ಮಾವ ಕೂರುತ್ತಾರೆ, ಮರಳಿ ಊರು ಮುಟ್ಟುವವರೆಗೆ ಅದು ಅವರದೇ. ಜಮಖಾನ ಒಯ್ಯಿರಿ.

ಆಹಾರ ಪ್ರಕರಣದಲ್ಲಿ ಜಿಲ್ಲೆ ಎರಡು ಹೋಳು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಸಂಪ್ರದಾಯ ಸೋನಾಮಸೂರಿ, ಕುಕ್ಕರ್, ಸಿಲಿಂಡರ್ ಸಮೇತ ಹೊರಡುತ್ತದೆ. ಕುಷ್ಟಗಿ–ಯಲಬುರ್ಗಾದ ಮಳೆಯಾಶ್ರಿತ ಸಂಪ್ರದಾಯ ಜೋಳದ ಕಟಕ ರೊಟ್ಟಿ. ಅನ್ನಕ್ಕೆ ತೊಳೆಯಲು ನೀರು, ಬೇಯಿಸಲು ನೀರು, ಪಾತ್ರೆ ತಿಕ್ಕಲು ಮತ್ತೆ ನೀರು. ರೊಟ್ಟಿಗೆ ಒಂದು ಬಿಳಿ ಬಟ್ಟೆ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುವುದನ್ನು ಕಂಡವರಿಗೆ ಇದರ ಸಾಗಾಣಿಕಾ ಯೋಗ್ಯತೆಯನ್ನು ವಿವರಿಸಬೇಕಿಲ್ಲ. ಕೌದಿಯ ಕೆಳಗೆ ಸಿಕ್ಕಿ ಪುಡಿಯಾಯಿತೋ, ಉಳ್ಳಾಗಡ್ಡಿ ಹೆಚ್ಚಿ ಒಗ್ಗರಣೆ ಕೊಡಿ, ನಾಷ್ಟಾ ಆಯಿತು. ಮುರಿದರೂ ಹೀಗೆ ಇನ್ನೊಂದು ಉಪಯೋಗಕ್ಕೆ ಬರುವ ಕ್ಯಾಂಪಿಂಗ್ ಸಾಧನವನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ಜೊತೆಗೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆಂಪುಖಾರ, ಗಟ್ಟಿ ಮೊಸರು. ಕೆಂಪುಖಾರದ ಡಬ್ಬಿಯ ಮುಚ್ಚಳವನ್ನು ನಂಬಬೇಡಿ, ಅರಿವೆ ಕಟ್ಟಿ.

ನೀರಿನ ವಿಷಯದಲ್ಲಿ ಮಾತ್ರ ಅಣಕವಿಲ್ಲ. ಯಲಬುರ್ಗಾ, ಕುಷ್ಟಗಿ ಭಾಗದ ಬಹಳ ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರನ್ನು ಕ್ಯಾನಿನಲ್ಲಿ ತುಂಬಿ ತನ್ನಿ, ತಂಪಿಗೆ ಒಂದು ಮಣ್ಣಿನ ತತ್ರಾಣಿ ಇರಲಿ. ನದಿ ಚೆಂದ ಕಂಡಿತೆಂದು ತುಂಗಭದ್ರೆಯ ಪಾತ್ರದಲ್ಲಿ ಹಾಸಿಗೆ ಹಾಸಬಾರದು. ಮೇಲೆ ಅಣೆಕಟ್ಟಿದೆ, ಅದಕ್ಕೆ 33 ಗೇಟುಗಳಿವೆ, ಅವುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋಯಿತು. ನದಿ ಮಲಗಿದವರನ್ನು ಎಬ್ಬಿಸಿ ಬರುವುದಿಲ್ಲ.

ವನ್ಯಮೃಗಗಳ ಬಗ್ಗೆ ಎರಡು ಮಾತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೇ ಒಂದು ಧಾಮವಿದೆ. ತೋಳಕ್ಕೆ ಕುರಿಹಟ್ಟಿಯ ಮೇಲಿರುವ ಆಸ್ಥೆ ನಿಮ್ಮ ಮೇಲಿಲ್ಲ. ಗುಡ್ಡದ ಕರಡಿಯದು ಬೇರೆ ಸ್ವಭಾವ, ಅದಕ್ಕೆ ಸಿಹಿಯೆಂದರೆ ಪ್ರಾಣ. ಬೆಲ್ಲ, ಶೇಂಗಾ ಹೋಳಿಗೆ, ಮಾದಲಿ ಇವನ್ನು ರಾತ್ರಿ ಕಾರಿನೊಳಗಿಟ್ಟು ಗಾಜು ಏರಿಸಿ. ಗುಡ್ಡದ ಬುಡ, ಆನೆಗೊಂದಿ ಸುತ್ತಿನ ಬಂಡೆಗಳ ಸಂದು ಬಿಟ್ಟು, ಜನ ಇರುವಲ್ಲೇ ತಂಗಿ. ಚಿರತೆಗೆ ಸಂಕಥೆ ಸೇರುವುದಿಲ್ಲ. ಬೆಳಕಿಗೆ ಕಾರಿನ ಹೆಡ್‌ಲೈಟ್ ಉರಿಸಿಟ್ಟು ಬ್ಯಾಟರಿ ಕಳೆದುಕೊಂಡವರನ್ನು ನಸುಕಿನಲ್ಲಿ ಎಳೆಯಲು ಈ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಬರವಿಲ್ಲ. ಆದರೆ ಆ ಕಥೆ ನಿಮಗಿಂತ ಮೊದಲು ನಿಮ್ಮೂರು ಮುಟ್ಟಿರುತ್ತದೆ.

ಕೊನೆಯದಾಗಿ, ಹೋಗುವಾಗ ಡಿಕ್ಕಿಯಲ್ಲಿ ಕಾಲು ಭಾಗ ಖಾಲಿ ಬಿಡತಕ್ಕದ್ದು. ಬರುವಾಗ ಗಂಗಾವತಿಯ ಅಕ್ಕಿ ಒಂದು ಚೀಲ ಬರುತ್ತದೆ, ನೀವು ಬೇಡವೆಂದರೂ ಬರುತ್ತದೆ. ಕೊಪ್ಪಳದ ಹತ್ತಿರವೇ ಕಿನ್ನಾಳ. ಅಲ್ಲಿಗೆ ಹೋದವರು ಗೊಂಬೆ ಕೊಳ್ಳದೆ ಬರುವುದಿಲ್ಲ. ಕಿನ್ನಾಳದ ಗೊಂಬೆ ಹಗುರ ಮರದ್ದು, ಹುಣಸೆಬೀಜದ ಅಂಟಿನ ಲೇಪದ ಮೇಲೆ ಬಣ್ಣ ಬರೆದದ್ದು. ಅದನ್ನು ಅಕ್ಕಿ ಚೀಲದ ಕೆಳಗೆ ಇಡಬೇಡಿ, ಅಜ್ಜಿಯ ಕೈಗೆ ಕೊಡಿ.