ಇರುವೆ ನೋಡುವ ರಾಯರು

ಸಂಜೆ ಐದು ಗಂಟೆಗೆ ರಾಯರಿಗೆ ಹಸಿವಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅವರ ಹೆಂಡತಿ ಗಂಡನನ್ನು ಉಪವಾಸ ಕೆಡವಿದ್ದಾರೆ ಎಂಬ ಅಪವಾದ ಬಂದೀತು. ಮಧ್ಯಾಹ್ನ ಒಂದಕ್ಕೆ ಪಲ್ಯ, ಹುಳಿ, ತಿಳಿಸಾರು, ಗಟ್ಟಿ ಮೊಸರಿನ ಊಟ. ಅದರ ಮೇಲೆ ಗಡದ್ದು ನಿದ್ದೆ. ಎದ್ದ ಕೂಡಲೇ ಡಿಕಾಕ್ಷನ್ ಮುಂದಾಗಿಸಿದ ಕಾಫಿ. ಇಷ್ಟಾದ ಮೇಲೆ ಹಸಿವು ತಾನಾಗಿಯೇ ಬರುತ್ತೇನೆಂದರೂ ಒಳಗೆ ಜಾಗವಿರುವುದಿಲ್ಲ. ಆದರೂ ಗಡಿಯಾರ ಐದು ಹೊಡೆಯುವುದೇ ತಡ, ರಾಯರು ಪೇಪರು ಮಡಿಸಿ, ಕನ್ನಡಕ ತೆಗೆದು, “ಏನಾದ್ರೂ ಇದ್ಯಾ?” ಎಂದು ಗಾಳಿಯನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಮನೆಯಲ್ಲಿ ಉತ್ತರ ಬರುವುದು ನಿಂತು ಬಹಳ ಕಾಲವಾಯಿತು. ಅವರೂ ಉತ್ತರಕ್ಕೆ ಕಾಯುವುದಿಲ್ಲ. ನೆಟ್ಟಗೆ ಅಡುಗೆಮನೆಗೆ ನಡೆಯುತ್ತಾರೆ.

ರಾಯರನ್ನು ನೀವು ನೋಡಿಯೇ ಇರುತ್ತೀರಿ. ಮೈಸೂರಿನ ಕುವೆಂಪುನಗರ, ಸರಸ್ವತೀಪುರಂ ಕಡೆ ಬೀದಿಗಿಬ್ಬರಂತೆ ಸಿಗುತ್ತಾರೆ. ಅರವತ್ತಕ್ಕೆ ಸರ್ಕಾರಿ ಕೆಲಸದಿಂದ ನಿವೃತ್ತಿ, ಕೈತಪ್ಪದ ಪಿಂಚಣಿ, ಮಗ ಟೆಕ್ಸಾಸ್, ಮಗಳು ಪುಣೆ, ಸಾಲ ತೀರಿದ ಸ್ವಂತ ಮನೆ. ಕೊರತೆ ಅಂತ ಇದ್ದರೆ ಒಂದೇ: ಐದರಿಂದ ಎಂಟರವರೆಗೆ ಮಾಡಲು ಏನೂ ಇಲ್ಲ.

ಡಬ್ಬಿ ತೆಗೆಯುವುದರಲ್ಲಿ ಅವರ ಕೈಚಳಕ ನೋಡಬೇಕು. ಸ್ಟೀಲ್ ಡಬ್ಬಿಯ ಮುಚ್ಚಳ, ಅವಸರಪಟ್ಟರೆ ‘ಟಪ್’ ಎಂದು ಇಡೀ ಮನೆಗೆ ಸುದ್ದಿ ಮುಟ್ಟಿಸಿಬಿಡುತ್ತದೆ. ಅದಕ್ಕೇ ರಾಯರು ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು, ಎರಡೂ ಹೆಬ್ಬೆರಳನ್ನು ಅಂಚಿಗೆ ಕೊಟ್ಟು, ಡಬ್ಬಿಯನ್ನು ತಿರುಗಿಸುತ್ತ ಸ್ವಲ್ಪ ಸ್ವಲ್ಪವೇ ಮುಚ್ಚಳ ಎತ್ತುತ್ತಾರೆ. ಕೊನೆಯ ಗಳಿಗೆಯಲ್ಲಿ ಒಂದು ಕೆಮ್ಮು. ಟಪ್ ಎನ್ನುವುದು ಆ ಕೆಮ್ಮಿನಲ್ಲಿ ಮುಳುಗಿಹೋಗಬೇಕೆಂದು ಏರ್ಪಾಡು. ಮುಳುಗುವುದಿಲ್ಲ.

“ರೀ, ಏನದು ಸದ್ದು?”

“ಏನಿಲ್ಲ ಕಣೇ, ಡಬ್ಬಿಗೆ ಇರುವೆ ಬಂದಿದ್ಯಾ ಅಂತ ನೋಡ್ತಿದ್ದೆ.”

“ಬಂದಿದ್ಯಾ?”

“ಇನ್ನೂ ಇಲ್ಲ.” ಬಾಯಿ ತುಂಬಿರುವುದರಿಂದ ಇದು ‘ಇಂಊ ಇಹ್ಹ’ ಎಂದಷ್ಟೇ ಹಾಲಿನವರೆಗೆ ಮುಟ್ಟುತ್ತದೆ. ಖಾರದ ಕೋಡುಬಳೆಗೆ ಇರುವೆ ಮುತ್ತುವುದನ್ನು ಇಷ್ಟು ವರ್ಷಗಳಿಂದ ನಿರೀಕ್ಷಿಸುತ್ತಿರುವವರು ಜಗತ್ತಿನಲ್ಲಿ ರಾಯರೊಬ್ಬರೇ ಇರಬೇಕು.

ಲೆಕ್ಕಪತ್ರದಲ್ಲಿ ಪಳಗಿದ ಮನುಷ್ಯ. ಹಾಗಾಗಿ ತಿನ್ನುವುದಕ್ಕೂ ನಿಯಮಾವಳಿ ಇದೆ. ನಿಂತು ತಿಂದದ್ದು ತಿಂದ ಹಾಗಲ್ಲ. ಮುರಿದ ಚಕ್ಕುಲಿ ಲೆಕ್ಕಕ್ಕೆ ಬರುವುದಿಲ್ಲ, ಅದು ಸಾದಿಲ್ವಾರು. ಮುರಿದದ್ದು ಮುಗಿದಿದ್ದರೆ ಡಬ್ಬಿಯನ್ನು ಕೊಂಚ ಜೋರಾಗಿ ಕುಲುಕಿದರಾಯಿತು. ಉಳಿದದ್ದನ್ನು ಮೇಲಕ್ಕೆ ಕೆದರಿ, ಡಬ್ಬಿ ಮೊದಲಿನಷ್ಟೇ ತುಂಬಿದೆ ಎನ್ನುವ ಹಾಗೆ ಸಮ ಮಾಡಿಡುವುದು ಆರ್ಥಿಕ ವರ್ಷಾಂತ್ಯದಲ್ಲಿ ಕಲಿತ ವಿದ್ಯೆ. ಕಡಲೆಕಾಯಿ ಬೀಜವಂತೂ ತಿಂಡಿಯೇ ಅಲ್ಲ, ‘ಬಾಯಾಡಿಸೋದು’ ಅಷ್ಟೆ. 100 ಗ್ರಾಂ ಬೀಜಕ್ಕೆ 560ರ ಮೇಲೆ ಕ್ಯಾಲೊರಿ, ಒಂದು ಊಟಕ್ಕೆ ಸಮ ಎಂದು ಮಗಳು ಪುಣೆಯಿಂದ ಎಚ್ಚರಿಸಿದಳು. “ಹಾಗಾದ್ರೆ ರಾತ್ರಿ ಊಟ ಬಿಟ್ಟೆ ಬಿಡು ಪುಟ್ಟಿ” ಎಂದರು ರಾಯರು. ಎಂಟೂವರೆಗೆ ತಟ್ಟೆ ಹಾಕಿದಾಗ ಎಲ್ಲರಿಗಿಂತ ಮೊದಲು ಬಂದು ಕೂತವರೂ ಅವರೇ.

ಈ ಚಟ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ, ರೈಲಿನಲ್ಲಿ ಹುಟ್ಟಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಕೆಲಸ, ಮೈಸೂರಿನಲ್ಲಿ ಮನೆ. ಸರ್ವೀಸಿನ ಮುಕ್ಕಾಲು ಭಾಗ ದಿನಾ 130 ಚಿಲ್ಲರೆ ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ ಬಂದ ಪಾಸಿನ ಗಿರಾಕಿ. ಸಂಜೆಯ ಬೋಗಿಯಲ್ಲಿ ಖಾಯಂ ಜಾಗ, ಖಾಯಂ ಗೆಳೆಯರು, ಸೂಟ್‌ಕೇಸಿನ ಮೇಲೆ ಇಸ್ಪೀಟು, ಬಡ್ತಿಯ ಸುದ್ದಿ, ವರ್ಗಾವಣೆಯ ಗುಸುಗುಸು. ಕೆಂಗೇರಿ ದಾಟಿದ ಮೇಲೆ ಯಾರದಾದರೂ ಬ್ಯಾಗಿನಿಂದ ಹುರಿಗಾಳು ಹೊರಡುತ್ತಿತ್ತು. ಮದ್ದೂರು ಬಂದರೆ ಹೇಳುವುದೇ ಬೇಡ. 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಎಂಬುವರು, ರೈಲು ಬರುವ ಗಡಿಬಿಡಿಯಲ್ಲಿ ಪಕೋಡದ ಹಿಟ್ಟನ್ನೇ ಚಪ್ಪಟೆ ತಟ್ಟಿ ಕರಿದು ಮದ್ದೂರು ವಡೆ ಹುಟ್ಟಿಸಿದರು ಎಂಬ ಕಥೆಯನ್ನು ರಾಯರು ಪ್ರತಿ ಹೊಸ ಪಾಸಿನವನಿಗೂ ಹೇಳುತ್ತಿದ್ದರು, ವಡೆಯ ದುಡ್ಡನ್ನು ಅವನ ಕೈಲೇ ಕೊಡಿಸಿ. ಅಷ್ಟು ವರ್ಷ ಅವರ ದವಡೆ ಸಂಜೆ ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಅರ್ಧ ಮಾತಿಗೆ, ಅರ್ಧ ವಡೆಗೆ. ನಿವೃತ್ತಿಯಾದ ಮಾರನೆಯ ದಿನದಿಂದ ಮಾತಿನ ಪಾಲೂ ತಿಂಡಿಗೇ ಬಿತ್ತು.

ಚಿಕಿತ್ಸೆ ನಡೆಯದೆ ಇಲ್ಲ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂದಾಗ ಡಾಕ್ಟರು, “ಗಡಿಯಲ್ಲಿದ್ದೀರಿ, ಸಂಜೆ ಕರಿದದ್ದು ನಿಲ್ಲಿಸಿ” ಎಂದರು. ಗಡಿಯಲ್ಲಿದ್ದೇನೆ ಎಂದರೆ ಇನ್ನೂ ನಮ್ಮ ಕಡೆಯೇ ಇದ್ದೇನೆ ಎಂದು ರಾಯರು ಅರ್ಥ ಮಾಡಿಕೊಂಡರು. ಮಗ ಟೆಕ್ಸಾಸಿನಿಂದ ಬಾದಾಮಿ, ಮಖಾನಾ ತಿನ್ನಲು ಹೇಳಿದ. ತಿಂದರು, ಚಕ್ಕುಲಿಯ ಜೊತೆಗೆ. (ಮಖಾನಾ ಬಗ್ಗೆ ನನಗೂ ಒಂದು ಮಾತಿದೆ: ಹಲ್ಲಿಗೆ ಸಿಕ್ಕದ್ದನ್ನು ಕುರುಕು ತಿಂಡಿ ಅನ್ನಬಾರದು.) ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಶುರುವಾಯಿತು, ದಾರಿಯಲ್ಲಿ ಚುರುಮುರಿ ಗಾಡಿ ಇತ್ತು, ವಾಕಿಂಗ್ ಬಹಳ ನಿಯಮಿತವಾಗಿ ನಡೆಯಿತು. ಐದಕ್ಕೇ ಹಲ್ಲುಜ್ಜಿಬಿಟ್ಟರೆ ತಿನ್ನಬೇಕೆನಿಸುವುದಿಲ್ಲ ಎಂದು ಯಾರೋ ಹೇಳಿದರು. ಉಜ್ಜಿದರು. ಉಜ್ಜಿದ ಬಾಯಿಗೆ ನಿಪ್ಪಟ್ಟಿನ ಇಂಗಿನ ಘಮ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ ಎಂದು ವರದಿ ಒಪ್ಪಿಸಿದರು.

ಇಷ್ಟರ ಮಧ್ಯೆ ವಾಟ್ಸಾಪಿನಲ್ಲಿ ಅವರಿಗೊಂದು ಮಂಜೂರಾತಿ ಆದೇಶವೇ ಸಿಕ್ಕಿತು. 2013ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನ: ಊಟ, ನಿದ್ದೆ ಯಾವಾಗಲೇ ಇರಲಿ, ದೇಹದ ಒಳಗಡಿಯಾರವೇ ಹಸಿವನ್ನು ಬೆಳಿಗ್ಗೆ ಎಂಟರ ಸುಮಾರಿಗೆ ಇಳಿಸುತ್ತದೆ, ರಾತ್ರಿ ಎಂಟರ ಸುಮಾರಿಗೆ ಏರಿಸುತ್ತದೆ, ಅದರಲ್ಲೂ ಸಿಹಿ, ಉಪ್ಪು, ಹಿಟ್ಟಿನ ಪದಾರ್ಥಗಳ ಮೇಲಿನ ಆಸೆಯನ್ನು. ಸುದ್ದಿ ಸುಳ್ಳಲ್ಲ, ಅಂಥ ಅಧ್ಯಯನ ನಿಜಕ್ಕೂ ಇದೆ. ರಾಯರು ಅದನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದರು. “ಇದರಲ್ಲಿ ನನ್ನದೇನಿದೆ ಹೇಳು? ಗಡಿಯಾರದ್ದು.”

“ಗಡಿಯಾರ ಎಂಟು ಅಂತಲ್ವಾ ಹೇಳಿರೋದು? ನೀವು ಐದಕ್ಕೇ ಶುರು ಮಾಡ್ತೀರಲ್ಲ.”

“ಮುಂಗಡ ಕಣೇ.”

ಆಕೆ ಡಬ್ಬಿಗಳನ್ನು ಬಚ್ಚಿಡುವುದಕ್ಕೆ ಶುರು ಮಾಡಿದ್ದು ಅವತ್ತಿನಿಂದಲೇ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಕ್ಕಪಕ್ಕದವರ ಜೊತೆ ಮೇಲುಕೋಟೆ, ನಂಜನಗೂಡು ಎಂದು ಹೊರಟುಬಿಡುವುದು ಅವರಿಗೂ ರೂಢಿಯಾಗಿತ್ತು. ಒಂದು ದಿನ ಹಾಗೆ ಹೋಗುವಾಗ ಕೋಡುಬಳೆಯನ್ನು ಎಲ್ಲಿಟ್ಟರೋ! ರಾಯರು ಐದಕ್ಕೆ ಹುಡುಕಾಟ ಆರಂಭಿಸಿದರು. ಅಕ್ಕಿ ಡ್ರಮ್ಮು, ಅಟ್ಟ, ದೇವರ ಮನೆಯ ಬೀರು, ಹೊಲಿಗೆ ಮಿಷನ್ನಿನ ಪೆಟ್ಟಿಗೆ. ಅಟ್ಟದಲ್ಲಿ ಹಳೆಯ ಸರ್ವೀಸ್ ರಿಜಿಸ್ಟರಿನ ನಕಲು ಸಿಕ್ಕಿ ಅರ್ಧ ಗಂಟೆ ಅದನ್ನೇ ಓದಿದರು. ಕೊನೆಗೆ ಏಳೂವರೆಗೆ ಇಡ್ಲಿ ಪಾತ್ರೆಯೊಳಗೆ ಡಬ್ಬಿ ಸಿಕ್ಕಿತು. ನನ್ನನ್ನು ಕಾಂಪೌಂಡ್ ಗೋಡೆಯ ಬಳಿ ಕರೆದು ಗೆದ್ದವರ ಹಾಗೆ ತೋರಿಸಿದರು. ನಾನು ಗಮನಿಸಿದ್ದು ಬೇರೆ: ಅಷ್ಟು ಪಾಡುಪಟ್ಟು ಹುಡುಕಿದ ಡಬ್ಬಿಯಿಂದ ಅವರು ತಿಂದದ್ದು ಒಂದೇ ಕೋಡುಬಳೆ. ಅದೂ ಪೂರ್ತಿಯಲ್ಲ.

ಪರಿಹಾರ ಬಂದದ್ದು ಬೀದಿ ದೀಪದ ರೂಪದಲ್ಲಿ. ನಮ್ಮ ತಿರುವಿನ ದೀಪ ಹಗಲೆಲ್ಲ ಉರಿದು ರಾತ್ರಿ ಆರಿಹೋಗುತ್ತಿತ್ತು. ಫೋನ್ ಮಾಡಿದರೆ ‘ನೋಡ್ತೀವಿ ಸಾರ್’. ಆ ಉತ್ತರವನ್ನು ಸರ್ವೀಸಿನುದ್ದಕ್ಕೂ ತಾವೇ ಬೇರೆಯವರಿಗೆ ಕೊಟ್ಟಿದ್ದವರಾದ್ದರಿಂದ ರಾಯರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಲು ಕೂತರು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ತಂದರು. ಆದರೆ ಕರ್ನಾಟಕದ ನಿಯಮದಲ್ಲೊಂದು ತೊಡಕಿದೆ: ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಬರೆಯದೆ ಪೆನ್ನೇ ಓಡದ ಮನುಷ್ಯನಿಗೆ 150 ಪದ ಎಲ್ಲಿಗೆ ಸಾಲುತ್ತದೆ? ಬರೆದರು, ಎಣಿಸಿದರು, ಹೊಡೆದುಹಾಕಿದರು, ಮತ್ತೆ ಬರೆದರು. ಬಲಗೈಯಲ್ಲಿ ಪೆನ್ನು, ಎಡಗೈ ಬೆರಳು ಪದದ ಮೇಲೆ. ಡಬ್ಬಿಗೆ ಹಾಕಲು ಮೂರನೆಯ ಕೈ ಇರಲಿಲ್ಲ. ಅಂತೂ ತಲೆಯೆತ್ತಿದಾಗ ಎಂಟೂಕಾಲು. ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರಂತೆ.

ಉತ್ತರ ಬರಲು 30 ದಿನ ಕಾಯಬೇಕು. ಸುಮ್ಮನೆ ಕಾಯುವುದು ಹೇಗೆ? ಚರಂಡಿಯ ಮೇಲೊಂದು ಅರ್ಜಿ, ಪಾರ್ಕಿನ ಬೆಂಚಿನ ಮೇಲೊಂದು. ದೀಪದ ಅರ್ಜಿ ‘ಈ ಕಚೇರಿಗೆ ಸಂಬಂಧಿಸಿರುವುದಿಲ್ಲ’ ಎಂಬ ಒಕ್ಕಣೆಯೊಂದಿಗೆ ಇನ್ನೊಂದು ಕಚೇರಿಗೆ ವರ್ಗವಾದಾಗ ರಾಯರ ಮುಖ ನೋಡಬೇಕಿತ್ತು; ಇಸ್ಪೀಟಿನಲ್ಲಿ ಜೋಕರ್ ಬಿದ್ದಾಗಲೂ ಅಷ್ಟು ಅರಳುತ್ತಿರಲಿಲ್ಲವೇನೋ. ಇನ್ನು ಮೊದಲ ಮೇಲ್ಮನವಿ, ಅದರ ಮೇಲೆ ಆಯೋಗಕ್ಕೆ ಎರಡನೆಯದು. ಸಂಜೆಗಳು ವರ್ಷಗಟ್ಟಲೆ ಭರ್ತಿ. ತೂಕ ಇಳಿಯಿತು, ಎಚ್‌ಬಿಎ1ಸಿ 5.8ಕ್ಕೆ ಬಂತು. ಮನೆಯಲ್ಲಿ ಚಕ್ಕುಲಿ ಮೆತ್ತಗಾಗತೊಡಗಿತು. “ಮಾಡಿಟ್ಟರೆ ಮೂಸಿ ನೋಡೋರಿಲ್ಲ” ಎಂದು ಆಕೆ ಈಗ ನಮ್ಮ ಮನೆಗೆ ಒಂದು ಡಬ್ಬಿ ದಾಟಿಸುತ್ತಾರೆ. ನಾವು ಬೇಡವೆನ್ನುವುದಿಲ್ಲ.

ಮೊನ್ನೆ ರಾಯರು ಕಡತ ಪರಿಶೀಲನೆಗೆಂದು ಖುದ್ದಾಗಿ ಆ ಕಚೇರಿಗೆ ಹೋದರು. ಹೊತ್ತು ಐದು ದಾಟಿತ್ತು. ಮಾಹಿತಿ ಅಧಿಕಾರಿ ಚಿಕ್ಕ ವಯಸ್ಸಿನವರು, ಮೇಜಿನ ತುಂಬ ರಾಯರದೇ ಅರ್ಜಿಗಳು. ಡ್ರಾಯರ್ ಎಳೆದು ಖಾರಾಬೂಂದಿ ಪೊಟ್ಟಣ ತೆಗೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಮರ್ಯಾದೆಗೆ ಅವರ ಕಡೆಗೂ ಚಾಚಿದರು.

“ಬೇಡಪ್ಪ. ಸಂಜೆ ಹೊತ್ತು ನಾನು ಏನೂ ಮುಟ್ಟಲ್ಲ,” ಎಂದು ರಾಯರು ಗಂಭೀರವಾಗಿ ಪೊಟ್ಟಣ ಹಿಂದಕ್ಕೆ ಸರಿಸಿದರು. “ನೀವೂ ಬಿಟ್ಬಿಡಿ. ಇದೆಲ್ಲ ಹಸಿವಿಗೆ ತಿನ್ನೋದಲ್ಲ ಕಣ್ರೀ, ಬೇಜಾರಿಗೆ ತಿನ್ನೋದು.”

“ಗೊತ್ತು ಸಾರ್,” ಎಂದರಂತೆ ಅಧಿಕಾರಿ, ಇನ್ನೊಂದು ಹಿಡಿ ತೆಗೆಯುತ್ತ. “ನಿಮ್ಮ ಮೊದಲನೇ ಅರ್ಜಿ ಬಂದಾಗಿನಿಂದ ತಿಂತಾ ಇದೀನಿ.”